ಪುಕ್ಕಟೆ ಕೆಲಸಕ್ಕೆ ಎರಡೂವರೆ ಸಾವಿರ

ನನ್ನ ಅಕ್ಕನ ಮಗಳು ಗಂಗಾವತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಾಳೆ. ಮೊದಲು ಓಣಿಯವರಿಗೆ ಕೊಡುತ್ತಿದ್ದಳು, ಆಮೇಲೆ ಎರಡು ಖಾನಾವಳಿ ಸಿಕ್ಕವು, ಈಗ ವಾಟ್ಸಾಪಿನಲ್ಲಿ ಆರ್ಡರ್ ಬರುತ್ತವೆ. ಸಣ್ಣದೊಂದು ಸಾಲ ಕೇಳಲು ಹೋದರೆ ಬ್ಯಾಂಕಿನವರು ಉದ್ಯಂ ಸರ್ಟಿಫಿಕೇಟ್, ಅಂದರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಪತ್ರ, ತನ್ನಿ ಅಂದರಂತೆ. ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕಪತ್ರ, ತೆರಿಗೆ ಅಂತ ಇದೇ ಕೆಲಸ ಮಾಡುವ ಮಾಮ ಇದ್ದಾನಲ್ಲ, ನನಗೆ ಫೋನ್ ಮಾಡಿದಳು. ಮಾರ್ಚ್ ತಿಂಗಳು, ತಲೆ ಎತ್ತಲು ಪುರುಸೊತ್ತಿರಲಿಲ್ಲ. "ಗೂಗಲ್‌ನಾಗ ಹುಡುಕು, ಬರ್ತದ. ಹತ್ತ್ ನಿಮಿಷದ ಕೆಲಸ" ಅಂದುಬಿಟ್ಟೆ.

ಸಂಜೆ ಅವಳ ಮೆಸೇಜ್ ಬಂತು. "ಮಾಮಾ, ಸರ್ಟಿಫಿಕೇಟ್ ಬಂತು. 2,499 ರೂಪಾಯಿ ತಗೊಂಡ್ರು."

ಉದ್ಯಂ ನೋಂದಣಿಗೆ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. 2020ರ ಜುಲೈ 1ರಂದು ಶುರುವಾದಾಗಿನಿಂದಲೂ ಅದು ಪುಕ್ಕಟೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆಯ ವಿವರ ಇದ್ದರೆ ಸಾಕು. ಯಾವ ಕಾಗದವನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಅವಳು ಒತ್ತಿದ್ದು ಗೂಗಲ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಲಿಂಕ್. ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಹೆಸರಿನಲ್ಲಿ ಉದ್ಯಂ ಅಂತ ಇತ್ತು, ತ್ರಿವರ್ಣದ ಪಟ್ಟಿ ಇತ್ತು. ಇನ್ನೇನು ಬೇಕು?

ಮೋಸ ಅನ್ನೋಣ ಅಂದರೆ ಸರ್ಟಿಫಿಕೇಟ್ ಅಸಲಿಯೇ. ಅವಳ ವಿವರ ಕೇಳಿಕೊಂಡು ಸರ್ಕಾರದ ಸೈಟಿನಲ್ಲಿ ಅವರೇ ತುಂಬಿದ್ದಾರೆ. ಆಧಾರ್ ಒಟಿಪಿಯನ್ನು ಇವಳೇ ಫೋನಿನಲ್ಲಿ ಹೇಳಿದ್ದಾಳೆ. ಹೋಗಲಿ, ಅರ್ಜಿ ತುಂಬಿದ ಕೂಲಿ ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ಆದರೆ ಸರ್ಟಿಫಿಕೇಟ್ ತೆರೆದು ನೋಡಿದಾಗ ಅದರಲ್ಲಿದ್ದ ಮೊಬೈಲ್ ನಂಬರ್ ಅವಳದಲ್ಲ. ಇಮೇಲೂ ಅವಳದಲ್ಲ. ರೊಟ್ಟಿ ತಟ್ಟುವವಳ ಕಸುಬಿನ ಮುಂದೆ ತಯಾರಿಕೆ ಅಂತ ಇರಬೇಕಿದ್ದಲ್ಲಿ ಟ್ರೇಡಿಂಗ್ ಅಂತ ಇತ್ತು.

ಈ ತಪ್ಪುಗಳು ಎಷ್ಟು ದುಬಾರಿ ಅಂತ ಮುಂದೆ ಹೇಳುತ್ತೇನೆ. ಮೊದಲು ವಿಳಾಸದ ವಿಷಯ ಮುಗಿಸೋಣ. ಸೈಟಿನ ಹೆಸರಿನ ತಲೆ ನೋಡಬೇಡಿ, ಬಾಲ ನೋಡಿ. ಉದ್ಯಂ, ಜಿಎಸ್‌ಟಿ, ಮುದ್ರಾ ಅಂತ ಮುಂದೆ ಏನನ್ನು ಬೇಕಾದರೂ ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ಕೊನೆಯಲ್ಲಿ ಗವ್ ಡಾಟ್ ಇನ್ ಅನ್ನುವುದು ಮಾತ್ರ ಸರ್ಕಾರಿ ಕಚೇರಿಗಳಿಗಷ್ಟೇ ಸಿಗುತ್ತದೆ. ಅಲ್ಲಿ ಕಾಮ್, ಆರ್ಗ್, ಬರೀ ಇನ್ ಇದ್ದರೆ ಖಾಸಗಿಯವರದೇ ಅಂದುಕೊಂಡು ಮುಂದುವರಿಯಿರಿ. ಲಿಂಕಿನ ಮೇಲೆ 'ಪ್ರಾಯೋಜಿತ' ಅಂತ ಸಣ್ಣಗೆ ಬರೆದಿದ್ದರೆ ಕೆಳಗೆ ಇಳಿಯಿರಿ. ಇಷ್ಟೇ. ಇದಕ್ಕೆ ಕೋರ್ಸ್ ಬೇಕಿಲ್ಲ.

ಈಗ ಮೊಬೈಲ್ ನಂಬರಿನ ಕಥೆ. ಇದು ರೊಟ್ಟಿಯವಳದಲ್ಲ, ನಮ್ಮ ಬಳ್ಳಾರಿಯ ಜೀನ್ಸ್ ಹುಡುಗನದು.

ಬಳ್ಳಾರಿ ಜೀನ್ಸ್ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಪ್ಯಾಂಟು ಅಗ್ಗ ಅಂತ. ಒಳಗಿನ ಸಂಗತಿ ಬೇರೆ. ಬಟ್ಟೆ ಕತ್ತರಿಸುವವರು ಒಬ್ಬರು, ಹೊಲಿಯುವವರು ಒಬ್ಬರು, ವಾಷಿಂಗ್ ಇನ್ನೊಬ್ಬರದು. ಎಲ್ಲ ನಡೆಯುವುದು ಉದ್ರಿಯ ಮೇಲೆ. ಈ ಹುಡುಗನ ಹತ್ತಿರ ಹನ್ನೆರಡು ಮಷೀನು, ಪೀಸಿಗೆ ಇಷ್ಟು ಅಂತ ಜಾಬ್ ವರ್ಕ್. ಹೊರ ಊರಿನ ಒಬ್ಬ ವ್ಯಾಪಾರಿಯಿಂದ ನಾಲ್ಕು ಲಕ್ಷ ಬಾಕಿ, ಏಳು ತಿಂಗಳಾಗಿತ್ತು. ಕೇಳಿದರೆ ಮುಂದಿನ ವಾರ, ಹಬ್ಬ ಆಗಲಿ, ಸೀಸನ್ ಬರಲಿ. "ಸರ್, ಜಗಳ ಮಾಡಿದ್ರ ಮುಂದಿನ ಮಾಲ್ ಕೊಡಂಗಿಲ್ರಿ, ಸುಮ್ನಿದ್ರ ಹಿಂದಿನ ರೊಕ್ಕ ಬರಂಗಿಲ್ರಿ" ಅಂದ. ಧಂಧೆಯ ಕಷ್ಟವನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ನಾನು ನೋಡಿಲ್ಲ.

ಅವನಿಗೆ ತೋರಿಸಿದ್ದು ಸಣ್ಣ ಉದ್ಯಮದವರು ಬಾಕಿ ದುಡ್ಡಿಗೆ ದೂರು ಕೊಡುವ ಎಂಎಸ್‌ಎಂಇ ಸಮಾಧಾನ್ ಎನ್ನುವ ಪೋರ್ಟಲ್. 2017ರಲ್ಲಿ ಶುರುವಾದದ್ದು. ಅದರ ಹಿಂದಿರುವ ಕಾನೂನು 2006ರದು. ಅದು ಹೇಳುವುದು ಇಷ್ಟು: ಅತಿ ಸಣ್ಣ, ಸಣ್ಣ ಉದ್ಯಮದಿಂದ ಮಾಲು ಅಥವಾ ಕೆಲಸ ತೆಗೆದುಕೊಂಡವನು ಬರವಣಿಗೆಯ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆ ದರ ಶೇ 5.5 ಇದ್ದರೆ ಬಡ್ಡಿ ಶೇ 16.5 ಅಂತ ಲೆಕ್ಕ. ಅದೂ ಚಕ್ರಬಡ್ಡಿ, ತಿಂಗಳು ತಿಂಗಳು ಅಸಲಿಗೆ ಸೇರುತ್ತದೆ. ದೂರು ಕೊಟ್ಟರೆ ಅದು ಇಂಥ ಬಾಕಿಯ ತಕರಾರು ನೋಡುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ಹೋಗುತ್ತದೆ. ಮೊದಲು ರಾಜಿ, ಆಗದಿದ್ದರೆ ತೀರ್ಪು. ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಖರೀದಿದಾರ ಮೊದಲು ಶೇ 75ರಷ್ಟು ಮೊತ್ತವನ್ನು ಕಟ್ಟಬೇಕು. 90 ದಿನದಲ್ಲಿ ಮುಗಿಸಬೇಕು ಅಂತ ಕಾನೂನಿನಲ್ಲಿದೆ. ನಾನು ನೋಡಿದವು ಅಷ್ಟು ಬೇಗ ಮುಗಿದಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಸರಿ, ಪೋರ್ಟಲ್ ತೆರೆದೆವು. ಉದ್ಯಂ ನಂಬರ್ ಹಾಕಿದ ಕೂಡಲೇ ಒಟಿಪಿ ಕೇಳಿತು. ಒಟಿಪಿ ಹೋಗಿದ್ದು ಎಲ್ಲಿಗೆ? ಎರಡು ವರ್ಷದ ಹಿಂದೆ ಉದ್ಯಂ ಮಾಡಿಕೊಟ್ಟ ಯಾವನೋ ಏಜೆಂಟನ ಫೋನಿಗೆ. ಆ ನಂಬರ್ ಸ್ವಿಚ್ ಆಫ್. ನಾಲ್ಕು ಲಕ್ಷದ ಬಾಗಿಲಿಗೆ ಬೀಗ ನಮ್ಮದು, ಕೀಲಿ ಇನ್ನೊಬ್ಬನ ಜೇಬಿನಲ್ಲಿ. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಅಲೆದು ಅದನ್ನು ಸರಿ ಮಾಡಿಸಲು ಸುಮಾರು ದಿನ ಹಿಡಿಯಿತು.

ಅವನ ಅದೃಷ್ಟಕ್ಕೆ ಕಸುಬಿನ ಕೋಡ್ ಸರಿ ಇತ್ತು. ಟ್ರೇಡಿಂಗ್ ಅಂತ ಇದ್ದಿದ್ದರೆ ಇಡೀ ದಾರಿಯೇ ಮುಚ್ಚುತ್ತಿತ್ತು. ವ್ಯಾಪಾರಿಗಳಿಗೆ 2021ರಿಂದ ಉದ್ಯಂ ನೋಂದಣಿ ಕೊಡುತ್ತಾರೆ ನಿಜ, ಆದರೆ ಅದು ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಬಾಕಿ ವಸೂಲಿಯ ಈ ರಕ್ಷಣೆ ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ಇನ್ನೊಂದು ಮಾತು: ಮಾಲು ಕೊಟ್ಟ ಮೇಲೆ, ದುಡ್ಡು ಸಿಕ್ಕಿಬಿದ್ದ ಮೇಲೆ ಉದ್ಯಂ ಮಾಡಿಸಿದರೆ ಹಳೆ ಬಾಕಿಗೆ ಅದನ್ನು ಬಳಸುವುದು ಕಷ್ಟ. ಅದಕ್ಕೇ ನಾನು ಹೇಳುವುದು, ಮೊದಲ ಬಿಲ್ ಹಾಕುವ ಮೊದಲೇ ಮಾಡಿಸಿ ಅಂತ. ಪುಕ್ಕಟೆಯದಕ್ಕೆ ಯಾಕೆ ತಡ?

ದೂರು ಮಾತ್ರ ನಾವು ಕೊಡಲಿಲ್ಲ. ವ್ಯವಹಾರ ನಡೆಯುತ್ತಿರುವ ಗಿರಾಕಿಯ ಮೇಲೆ ಏಕಾಏಕಿ ಕೇಸ್ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಮೂರು ಸಾಲಿನ ಪತ್ರ ಬರೆದೆವು. ಪೀಸಿನ ಲೆಕ್ಕ, ತಾರೀಕು, ಅಸಲು, ಬಡ್ಡಿ, ಒಟ್ಟು. ಕೊನೆಗೆ ಉದ್ಯಂ ನಂಬರ್. ಜೊತೆಗೆ ಒಂದು ಮಾತು ಸೇರಿಸಿದೆವು: 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮದ ಪ್ರಕಾರ, ಇಂಥ ಬಿಲ್ ಗಡುವಿನೊಳಗೆ ಕೊಡದೆ ಮಾರ್ಚ್ 31 ದಾಟಿಸಿದರೆ ಆ ವರ್ಷ ಅದನ್ನು ಖರ್ಚು ಅಂತ ತೋರಿಸುವಂತಿಲ್ಲ, ಕೊಟ್ಟ ವರ್ಷವೇ ತೋರಿಸಬೇಕು. ಪತ್ರ ಆ ಕಡೆಯ ಆಡಿಟರ್ ಕೈಗೆ ಹೋಗಿರಬೇಕು. ಮೂರು ಕಂತಿನಲ್ಲಿ ಅಸಲು ಬಂತು. ಬಡ್ಡಿಯನ್ನು ಹುಡುಗ ಬಿಟ್ಟ. ಗಿರಾಕಿ ಉಳಿದ.

ಅಂದಹಾಗೆ, ಅವನ ಹತ್ತಿರ ಮೊದಲು ಬಿಲ್ಲೇ ಇರಲಿಲ್ಲ. ಒಂದು ರೂಲ್ ನೋಟ್‌ಬುಕ್ಕಿನಲ್ಲಿ ಪೀಸಿನ ಲೆಕ್ಕ. ಕೊನೆಗೆ ಆಸರೆಯಾಗಿದ್ದು "ಮಾಲ್ ಬಂತು, 640 ಪೀಸ್ ಸರಿ ಇದೆ" ಅಂತ ಆ ವ್ಯಾಪಾರಿಯೇ ಹಾಕಿದ್ದ ವಾಟ್ಸಾಪ್ ಮೆಸೇಜು. ಚಾಟ್ ಡಿಲೀಟ್ ಮಾಡಬೇಡಿ ಅಂತ ಈಗ ಬಂದವರಿಗೆಲ್ಲ ಹೇಳುತ್ತೇನೆ.

ಜಿಎಸ್‌ಟಿ ಪೋರ್ಟಲ್ ಅಂದರೆ ಹುಡುಗರು ಹೆದರುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದ ಮೇಲಂತೂ ಕ್ಯೂಆರ್ ಕೋಡ್ ಕಿತ್ತು ಹಾಕಿದವರನ್ನು ನಾನೇ ನೋಡಿದ್ದೇನೆ. ಕಿತ್ತು ಹಾಕುವುದು ಬೇಡ, ಬೇರೆ ಮಾಡಿ. ಅಂಗಡಿಯ ದುಡ್ಡಿಗೆ ಒಂದು ಖಾತೆ, ಚೀಟಿ ದುಡ್ಡು, ತಮ್ಮನ ಫೀಸು, ಮನೆ ಬಾಡಿಗೆಗೆ ಇನ್ನೊಂದು. ಮಾಲು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟುವವರೆಗೆ ರಾಜ್ಯದೊಳಗಿನ ವ್ಯಾಪಾರಕ್ಕೆ ನೋಂದಣಿ ಬೇಡ.

ರಾಜ್ಯದೊಳಗೆ ಅನ್ನುವುದನ್ನು ಗಮನಿಸಿ. ನಾವು ಗಡಿಯ ಜನ. ರಾಯಚೂರಿನವರಿಗೆ ಗದ್ವಾಲ ಪಕ್ಕದ ಊರು, ನಮಗೆ ಗುಂತಕಲ್, ಆದೋನಿ. ತೆರಿಗೆ ಇರುವ ಮಾಲನ್ನು ಅಷ್ಟು ದೂರದ ಬೀದರಿಗೆ ಮಾರಿದರೆ ನೋಂದಣಿ ಬೇಡ, ಪಕ್ಕದ ಗುಂತಕಲ್ಲಿಗೆ ಕಳಿಸಿದರೆ ಮೊದಲ ಪೊಟ್ಟಣದಿಂದಲೇ ಬೇಕು. ವಿಚಿತ್ರ ಅನ್ನಿಸಿದರೂ ನಿಯಮ ಹೀಗಿದೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋದಂಥ ಕಡೆ ಮಾರುವವರಿಗೂ ಮೊದಲು ಜಿಎಸ್‌ಟಿ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನ ಸಣ್ಣವರು ಪ್ಯಾನ್ ಹಾಕಿ ಅದೇ ಪೋರ್ಟಲಿನಲ್ಲಿ ಒಂದು ಎನ್‌ರೋಲ್‌ಮೆಂಟ್ ನಂಬರ್ ಪಡೆದು, ಕರ್ನಾಟಕದೊಳಗಷ್ಟೇ ಮಾರಬಹುದು. ಇದೂ ಪುಕ್ಕಟೆ. ಕೈಕಸುಬಿನ ಕೆಲವು ಮಾಲಿಗೆ 20 ಲಕ್ಷದವರೆಗೆ ಹೊರ ರಾಜ್ಯಕ್ಕೆ ಕಳಿಸಲೂ ವಿನಾಯಿತಿ ಇದೆ, ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರದೆ ನೇರವಾಗಿ ಕಳಿಸಿದರೆ ಮಾತ್ರ. ಪ್ಯಾನ್ ಮತ್ತು ಮಾಲು ಸಾಗಣೆಯ ಇ-ವೇ ಬಿಲ್ ಬೇಕು. ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ ಮಾಡುವವರು ನಿಮ್ಮ ಆಡಿಟರನ್ನು ಇದರ ಬಗ್ಗೆ ಒಮ್ಮೆ ಕೇಳಿ.

ಜಿಎಸ್‌ಟಿ ಸೈಟಿನಲ್ಲಿ ನೋಂದಣಿ ಇಲ್ಲದವರಿಗೂ ಕೆಲಸಕ್ಕೆ ಬರುವ ಒಂದು ಮೂಲೆ ಇದೆ. ಸರ್ಚ್ ಟ್ಯಾಕ್ಸ್‌ಪೇಯರ್. ಲಾಗಿನ್ ಬೇಡ. ಹದಿನೈದು ಅಂಕಿ-ಅಕ್ಷರದ ಜಿಎಸ್‌ಟಿ ನಂಬರ್ ಹಾಕಿದರೆ ಆ ಫರ್ಮ್ ಯಾರ ಹೆಸರಿನಲ್ಲಿದೆ, ನಡೆಯುತ್ತಿದೆಯೋ ರದ್ದಾಗಿದೆಯೋ, ರಿಟರ್ನ್ ಹಾಕುತ್ತಿದ್ದಾರೋ ಇಲ್ಲವೋ ಎಲ್ಲ ಕಾಣುತ್ತದೆ. ಮೊನ್ನೆ ಒಬ್ಬ ಹುಡುಗ ಅಹಮದಾಬಾದಿನ ಡೆನಿಮ್ ಅಂತ ಇನ್‌ಸ್ಟಾಗ್ರಾಂನಲ್ಲಿ ನೋಡಿ 60 ಸಾವಿರ ಅಡ್ವಾನ್ಸ್ ಹಾಕಲು ಹೊರಟಿದ್ದ. ಅವರು ಕಳಿಸಿದ ಬಿಲ್ಲಿನಲ್ಲಿ ನಂಬರ್ 07ರಿಂದ ಶುರು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಆಂಧ್ರ 37, ತೆಲಂಗಾಣ 36, ಗುಜರಾತ್ 24. 07 ಅಂದರೆ ದೆಹಲಿ. ಹುಡುಕಿದರೆ ನೋಂದಣಿ ರದ್ದು. "ಅಣ್ಣಾರ, ಫೋಟೋ ಭಾಳ ಚಲೋ ಇದ್ವು" ಅಂತ ಹುಡುಗ ಪೆಚ್ಚುಮೋರೆ ಹಾಕಿದ. ಒಂದು ವೇಳೆ ದುಡ್ಡು ಹೋಗಿಯೇ ಬಿಟ್ಟರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮೊದಲ ಒಂದೆರಡು ತಾಸಿನಲ್ಲಿ ಮಾಡಿದರೆ ದುಡ್ಡು ತಡೆಯುವ ಅವಕಾಶ ಜಾಸ್ತಿ.

ಸಾಲ, ಸಬ್ಸಿಡಿಯ ಸೈಟುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. 2026ರ ಮಾರ್ಚ್ ವರೆಗಿನ ನಿಯಮದಲ್ಲಿ, ಹೊಸ ಉದ್ಯೋಗ ಶುರು ಮಾಡುವವರ ಪಿಎಂಇಜಿಪಿ ಯೋಜನೆಯಲ್ಲಿ ಜಾಗ ಮತ್ತು ವರ್ಗ ನೋಡಿ ಶೇ 15ರಿಂದ 35ರವರೆಗೆ ಸಬ್ಸಿಡಿ, ಆಹಾರ ಉದ್ಯಮದ ಪಿಎಂಎಫ್‌ಎಂಇಯಲ್ಲಿ ಶೇ 35, ಗರಿಷ್ಠ 10 ಲಕ್ಷ ಇತ್ತು. ಇದರಲ್ಲಿ ಜಿಲ್ಲೆಗೊಂದು ಬೆಳೆ ಆರಿಸಿದ್ದಾರೆ, ಬಳ್ಳಾರಿಗೆ ಅಂಜೂರ, ಕೊಪ್ಪಳಕ್ಕೆ ಪೇರಲ, ರಾಯಚೂರಿಗೆ ಮೆಣಸಿನಕಾಯಿ. ಇಂಥ ಯೋಜನೆಗಳಿಗೆ ಅವಧಿ ಇರುತ್ತದೆ, ಮುಗಿಯುತ್ತದೆ, ಬೇರೆ ರೂಪದಲ್ಲಿ ಬರುತ್ತದೆ. ಎರಡು ವರ್ಷದ ಹಿಂದಿನ ವಿಡಿಯೋ ನೋಡಿ ಓಡಬೇಡಿ, ಪೋರ್ಟಲಿನ ಮುಖಪುಟ ನೋಡಿ. ಸಬ್ಸಿಡಿ ದುಡ್ಡು ಕೈಗೆ ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಪಿಎಂಇಜಿಪಿಯಲ್ಲಿ ಅದು ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂರುತ್ತದೆ, ಉದ್ಯೋಗ ನಿಜಕ್ಕೂ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆ. "ಸಬ್ಸಿಡಿ ಬರೋ ಯಾವುದಾದ್ರೂ ಬಿಸಿನೆಸ್ ಹೇಳ್ರಿ ಸರ್" ಅಂತ ಬರುವವರಿಗೆ ನಾನು ಚಹಾ ಕೊಟ್ಟು ಕಳಿಸುತ್ತೇನೆ.

ತಿಂಗಳಿಗೆ ಲಕ್ಷ ಗಳಿಸುವುದು ಹೇಗೆ ಅಂತ ಕಲಿಸುವ ಆನ್‌ಲೈನ್ ಕೋರ್ಸುಗಳ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡಿ. ಅವುಗಳಿಂದ ಗಳಿಸಿದವರು ಇದ್ದಾರೆ, ಕೋರ್ಸ್ ಮಾರಿದವರು. ಅದೇ ದುಡ್ಡಿನಲ್ಲಿ ನಿಮ್ಮ ಬ್ರ್ಯಾಂಡಿನ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಬಹುದು. ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ವ್ಯಕ್ತಿಗೆ, ಉದ್ಯಂ ಇರುವ ಸಣ್ಣವರಿಗೆ 4,500, ದೊಡ್ಡವರಿಗೆ 9,000. ಆ ಹೆಸರು ಬೇರೆಯವರದು ಹೌದೋ ಅಲ್ಲವೋ ಅಂತ ಹುಡುಕುವುದಕ್ಕಂತೂ ದುಡ್ಡೇ ಇಲ್ಲ. ಬೋರ್ಡು, ಪ್ಯಾಕೆಟ್ಟು ಅಚ್ಚು ಹಾಕಿಸುವ ಮೊದಲು ಒಮ್ಮೆ ಹುಡುಕಿ.

ರೊಟ್ಟಿಯವಳ ಸರ್ಟಿಫಿಕೇಟ್ ಏನಾಯಿತು ಅಂದಿರಾ? ಆ ಸೈಟಿನವರಿಗೆ ಫೋನ್ ಮಾಡಿ ನಂಬರ್ ಬದಲಿಸಲು ಒಟಿಪಿ ಕೇಳಿದೆವು. ತಿದ್ದುಪಡಿಗೆ ಮತ್ತೆ 999 ಅಂದರು. ತಿದ್ದುಪಡಿಯೂ ಪುಕ್ಕಟೆಯೇ ಅಂತ ಅವಳು ಜೋರಾಗಿ ಜಗಳ ತೆಗೆದಳು. ಅರ್ಧ ತಾಸಿನಲ್ಲಿ ಒಟಿಪಿ ಬಂತು. ನಂಬರ್, ಇಮೇಲ್, ಕಸುಬು ಮೂರನ್ನೂ ಅವಳೇ ತಿದ್ದಿದಳು. ಮರುವಾರ ಆಹಾರ ನೋಂದಣಿಗೆ ಎಫ್‌ಎಸ್‌ಎಸ್‌ಎಐನ ಫೋಸ್ಕಾಸ್ ಸೈಟಿಗೆ ನನ್ನನ್ನು ಕೇಳದೆಯೇ ಹೋಗಿದ್ದಾಳೆ. ರಾತ್ರಿ ರಸೀದಿಯ ಸ್ಕ್ರೀನ್‌ಶಾಟ್ ಬಂತು. ವರ್ಷಕ್ಕೆ 100 ರೂಪಾಯಿ. ಕೆಳಗೆ ಬರೆದಿದ್ದಳು: "ಮಾಮಾ, ಬಾಲ ನೋಡೇ ಒತ್ತೀನಿ."