ಐದು ಸಲ ನಿಜ, ಆರನೇ ಸಲ ಸುಳ್ಳು

4294967297. ನಮ್ಮ ಲೆಕ್ಕದಲ್ಲಿ ಓದಿದರೆ 429 ಕೋಟಿ 49 ಲಕ್ಷ 67 ಸಾವಿರದ 297. ಸಂಖ್ಯಾಶಾಸ್ತ್ರದವರ ಕೈಗೆ ಕೊಟ್ಟರೆ ಅಂಕಿಗಳನ್ನು ಕೂಡಿ 59, ಮತ್ತೆ ಕೂಡಿ 14, ಕೊನೆಗೆ 5 ಅಂತ ಮಾಡಿ ಒಂದು ಗ್ರಹಕ್ಕೆ ಗಂಟು ಹಾಕುತ್ತಾರೆ. ಆದರೆ ಮೊತ್ತ 59 ಅನ್ನುವುದು ನಿಜಕ್ಕೂ ಹೇಳುವ ಒಂದು ಮಾತಿದೆ: ಈ ಸಂಖ್ಯೆ 3ರಿಂದ ಭಾಗವಾಗುವುದಿಲ್ಲ. ಜನ ಆ ಮಾತು ಬಿಟ್ಟು ಗ್ರಹದ ಮಾತನ್ನೇ ಕೇಳುತ್ತಾರಲ್ಲ ಅಂತ ನನಗೆ ಬೇಸರ.

3ರಿಂದ ಶುರು ಮಾಡಿ. ಒಂದು ಕಳೆಯಿರಿ, ವರ್ಗ ಮಾಡಿ, ಒಂದು ಕೂಡಿ. 5 ಬರುತ್ತದೆ. 5ಕ್ಕೂ ಹಾಗೇ ಮಾಡಿದರೆ 17. ಆಮೇಲೆ 257, 65537. ಐದೂ ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದವು. ಫ್ರಾನ್ಸಿನ ಗಣಿತಜ್ಞ ಪಿಯೆರ್ ಡಿ ಫರ್ಮಾ 1640ರಲ್ಲಿ ಇದನ್ನು ನೋಡಿ, ಎಷ್ಟು ಮುಂದೆ ಹೋದರೂ ಅವಿಭಾಜ್ಯಗಳೇ ಸಿಗುತ್ತವೆ ಎಂದು ನಂಬಿದ. ಸಾಧಿಸಿ ತೋರಿಸಲು ಅವನಿಗೆ ಆಗಿರಲಿಲ್ಲ. ಐದು ಸಲ ನಿಜವಾಗಿದೆ, ಇನ್ನೇನು ಬೇಕು ಅನ್ನಿಸುತ್ತದೆ, ಅಲ್ವಾ? ಭವಿಷ್ಯ ಹೇಳುವವರ ಮೇಲೆ ನಂಬಿಕೆ ಹುಟ್ಟುವುದೂ ಹೀಗೇ.

ಆ ಸಾಲಿನ ಆರನೆಯದೇ ನಮ್ಮ ಸಂಖ್ಯೆ. 1729ರಲ್ಲಿ ಗಣಿತಜ್ಞ ಗೋಲ್ಡ್‌ಬಾಖ್ ಪತ್ರ ಬರೆದು ಫರ್ಮಾನ ಈ ಮಾತನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್‌ನ ಗಮನಕ್ಕೆ ತಂದ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಆಯ್ಲರ್ 1732ರಲ್ಲಿ ಉತ್ತರ ಕೊಟ್ಟ: 641 × 6700417. ಅವಿಭಾಜ್ಯ ಅಲ್ಲ!

641 ಹೇಗೆ ಸಿಕ್ಕಿತು? ಸುಮ್ನೆ 3, 5, 7 ಅಂತ ಭಾಗಿಸುತ್ತಾ ಹೋದರೆ ಅಲ್ಲಿಗೆ ತಲುಪುವ ಮೊದಲು ನೂರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ದಾಟಬೇಕು. ಆದರೆ ಈ ಸಂಖ್ಯೆಯನ್ನು ಭಾಗಿಸುವ ಯಾವುದೇ ಅವಿಭಾಜ್ಯವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು ಮೊದಲಿಗೆ 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು. ಈ ನಿಯಮ ಸಿಗುವುದು ಯಾವುದರಿಂದ ಗೊತ್ತೇ? ಅದೇ 1640ರಲ್ಲಿ ಫರ್ಮಾನೇ ಪತ್ರದಲ್ಲಿ ತಿಳಿಸಿದ ಇನ್ನೊಂದು ಪ್ರಮೇಯದಿಂದ. ಅಸ್ತ್ರ ಅವನ ಕೈಯಲ್ಲೇ ಇತ್ತು.

ನೀವೇ ಪರೀಕ್ಷೆ ಮಾಡಬಹುದು, ಒಂದು ತುಂಡು ಕಾಗದ ಸಾಕು. ಗಡಿಯಾರದಲ್ಲಿ 12 ಆದ ಮೇಲೆ ಮತ್ತೆ 1 ಗಂಟೆ ಬರುತ್ತದಲ್ಲ, ಹಾಗೆ 641 ಗಂಟೆಗಳ ಗಡಿಯಾರ ಒಂದನ್ನು ಅಂದುಕೊಳ್ಳಿ. ಎಷ್ಟು ಸುತ್ತಾಯಿತು ಅನ್ನುವುದು ಬೇಡ, ಮುಳ್ಳು ಎಲ್ಲಿ ನಿಂತಿದೆ ಅಷ್ಟೇ ಬೇಕು. ನಮ್ಮ ಸಂಖ್ಯೆ ಅಂದರೆ 65536ರ ವರ್ಗಕ್ಕೆ ಒಂದು ಕೂಡಿದ್ದು. 65536 ಗಂಟೆ ಓಡಿದರೆ 102 ಸುತ್ತು ಮುಗಿದು ಮುಳ್ಳು 154ರಲ್ಲಿ ನಿಲ್ಲುತ್ತದೆ. ಹಾಗಾಗಿ ದೊಡ್ಡ ಸಂಖ್ಯೆಯ ಬದಲು 154ನ್ನೇ ವರ್ಗ ಮಾಡಿದರೆ ಸಾಕು: 23716. ಈಗ 641ನ್ನು 37ರಿಂದ ಗುಣಿಸಿ: 23717. ಒಂದೇ ಒಂದು ಕಡಿಮೆ! ಆ ಒಂದನ್ನೂ ಕೂಡಿದರೆ ಸುತ್ತು ಪೂರ್ತಿ, ಶೇಷ ಸೊನ್ನೆ. ಹತ್ತಂಕಿಯ ಸಂಖ್ಯೆಯನ್ನು ಮುಟ್ಟದೆಯೇ ಅದು ಭಾಗವಾಗುತ್ತದೆ ಎಂದು ತಿಳಿದುಬಿಟ್ಟಿತು. ಎಷ್ಟು ಸಲ ಮಾಡಿದರೂ ನನಗೆ ಈ ಲೆಕ್ಕದ ಖುಷಿ ಕಡಿಮೆಯಾಗುವುದಿಲ್ಲ.

ಏಳನೆಯದು 20 ಅಂಕಿಗಳದ್ದು. ಅದು 274177ರಿಂದ ಭಾಗವಾಗುತ್ತದೆ ಎಂದು ಗಣಿತಜ್ಞ ಲ್ಯಾಂಡ್ರಿ 1880ರಲ್ಲಿ ತೋರಿಸಿದ. ಮೊದಲ ಐದನ್ನು ಬಿಟ್ಟರೆ ಈ ಸಾಲಿನಲ್ಲಿ ಇಂದಿನವರೆಗೆ ಇನ್ನೊಂದು ಅವಿಭಾಜ್ಯ ಸಿಕ್ಕಿಲ್ಲ. 21ನೆಯದಂತೂ 3,15,653 ಅಂಕಿಗಳ ಸಂಖ್ಯೆ. ಅದು ಅವಿಭಾಜ್ಯ ಅಲ್ಲ ಎಂದು 1988ರಲ್ಲೇ ಪ್ರಕಟವಾಗಿದೆ, ಆದರೆ ಅದನ್ನು ಭಾಗಿಸುವ ಒಂದು ಸಂಖ್ಯೆಯೂ ಯಾರಿಗೂ ಇನ್ನೂ ಸಿಕ್ಕಿಲ್ಲ.