ಸ್ಟೀರಿಂಗ್‌ಗಳ ಜಗಳಕ್ಕೆ ವೈಪರ್ ಮೋಟಾರಿನ ರಾಜಿ

ಪಟ್ಟಿಯಲ್ಲಿ ‘ಸ್ಪೈ ಹಂಟರ್’ ಆರಿಸಿ ಬಟನ್ ಒತ್ತುತ್ತೀರಿ. ಅಡ್ಡವಾಗಿದ್ದ ಪರದೆ ಗುರ್ ಎನ್ನುತ್ತಾ ಉದ್ದಕ್ಕೆ ತಿರುಗುತ್ತದೆ. ಎದುರಿಗಿದ್ದ ದುಂಡು ಸ್ಟೀರಿಂಗ್ ಹಲಗೆ ಸಮೇತ ಒಳಗೆ ಮಗುಚಿಕೊಂಡು, ಅದರ ಜಾಗಕ್ಕೆ ವಿಮಾನದ ಹಿಡಿಯಂಥದ್ದು ಬರುತ್ತದೆ. ಸೀಟು ಒಂದು ಗೇಣು ಮುಂದೆ ಸರಿಯುತ್ತದೆ. ಆಮೇಲೆ ಆಟ ಶುರು.

ಕಾರ್ ಓಡಿಸುವ ಹಳೆಯ ಆರ್ಕೇಡ್ (ನಾಣ್ಯ ಹಾಕಿ ಆಡುವ ಯಂತ್ರದ) ಆಟಗಳಿಗೆಂದು ಮನೆಯಲ್ಲೇ ಪೆಟ್ಟಿಗೆ ಕಟ್ಟುವ ಹವ್ಯಾಸಿಗಳ ದೊಡ್ಡ ಕನಸು ಇದು. ನೋಡಿದವರು ಕೇಳುವುದು ಒಂದೇ ಪ್ರಶ್ನೆ: ಒಂದು ಸ್ಟೀರಿಂಗ್, ಎರಡು ಪೆಡಲ್ ಸಾಕಲ್ವಾ? ಸಾಕಾಗುವುದಿಲ್ಲ. ಯಾಕೆ ಅನ್ನುವುದಕ್ಕೆ ಸುಮಾರು ಐವತ್ತು ವರ್ಷ ಹಿಂದಕ್ಕೆ ಹೋಗಬೇಕು.

1974ರಲ್ಲಿ ಅಮೆರಿಕದ ಅಟಾರಿ ಕಂಪನಿ ‘ಗ್ರ್ಯಾನ್ ಟ್ರಾಕ್ 10’ ಎಂಬ ಯಂತ್ರ ತಂದಿತು. ಸ್ಟೀರಿಂಗ್, ಗೇರು, ಎಕ್ಸಲರೇಟರ್, ಬ್ರೇಕು ಎಲ್ಲವೂ ಅದರಲ್ಲಿತ್ತು. ಲೆಕ್ಕ ತಪ್ಪಿ, ತಯಾರಿಸಲು ತಗಲಿದ್ದಕ್ಕಿಂತ ಕಡಿಮೆ ಬೆಲೆಗೆ ಅದನ್ನು ಮಾರಿ ಕಂಪನಿ ಕೈ ಸುಟ್ಟುಕೊಂಡಿತು. ಜಪಾನಿನಲ್ಲಿ ಅದೇ ವರ್ಷ ಟೈಟೋ ಕಂಪನಿಯ ‘ಸ್ಪೀಡ್ ರೇಸ್’ ಬಂತು. ಮುಂದೆ ‘ಸ್ಪೇಸ್ ಇನ್ವೇಡರ್ಸ್’ ಮಾಡಿದ ತೊಮೊಹಿರೊ ನಿಶಿಕಾದೊ ಅವರದೇ ಕೆಲಸ ಅದು. 1976ರ ‘ನೈಟ್ ಡ್ರೈವರ್’ನಲ್ಲಿ ರಸ್ತೆ ಎಂದರೆ ಕತ್ತಲಲ್ಲಿ ಎದುರು ಬರುವ ಬಿಳಿ ಕಂಬಗಳ ಸಾಲು, ಅಷ್ಟೇ. ಕಾರನ್ನು ಯಂತ್ರ ಬಿಡಿಸುತ್ತಲೇ ಇರಲಿಲ್ಲ. ಪರದೆಯ ಮೇಲೆ ಕಾರಿನ ಚಿತ್ರವಿದ್ದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು! ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1978ರ ‘ಫೈರ್ ಟ್ರಕ್’. ಅದರಲ್ಲಿ ಎರಡು ಸ್ಟೀರಿಂಗ್. ಕೂತವರು ಅಗ್ನಿಶಾಮಕ ಲಾರಿಯ ಮುಂಭಾಗ ತಿರುಗಿಸಬೇಕು, ಹಿಂದೆ ನಿಂತವರು ಬಾಲ ತಿರುಗಿಸಬೇಕು. ಗಂಡ ಹೆಂಡತಿ ಆಡಿದರೆ ಮನೆಗೆ ಹೋಗುವಷ್ಟರಲ್ಲಿ ಮಾತು ಬಿಟ್ಟಿರುತ್ತಾರೆ.

ತಕರಾರು ಬೆಳೆದದ್ದು ಹೀಗೇ. ಒಬ್ಬರ ಯಂತ್ರಕ್ಕೂ ಇನ್ನೊಬ್ಬರ ಯಂತ್ರಕ್ಕೂ ಹೊಂದಿಕೆ ಇರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ ಅನ್ನಿ. ಒಂದು ಪೆಟ್ಟಿಗೆಗೆ ಒಂದೇ ಆಟ.

ಮುಖ್ಯ ಜಗಳ ಸ್ಟೀರಿಂಗ್‌ನದು. ನಾಮ್ಕೋ ಕಂಪನಿಯ ‘ಪೋಲ್ ಪೊಸಿಷನ್’ (1982) ಆಟದ ಸ್ಟೀರಿಂಗ್ ಎಷ್ಟು ಸುತ್ತಿದರೂ ತಡೆಯಿಲ್ಲದೆ ತಿರುಗುತ್ತದೆ. ಅದರ ಅಕ್ಷದಲ್ಲಿ ಸಣ್ಣ ಹಲ್ಲುಗಳ ಚಕ್ರ ಇರುತ್ತದೆ. ಹಲ್ಲುಗಳು ಬೆಳಕನ್ನು ಕಡಿಯುವುದನ್ನು ಸೆನ್ಸರ್ ಎಣಿಸುತ್ತದೆ. ಅಟಾರಿಯ ‘ಸೂಪರ್ ಸ್ಪ್ರಿಂಟ್’ (1986) ಕೂಡ ಇದೇ ಜಾತಿ. ಅಲ್ಲಿ ಮೂರು ಜನ ಅಕ್ಕಪಕ್ಕ ನಿಂತು ಸ್ಟೀರಿಂಗನ್ನು ಬುಗುರಿ ತಿರುಗಿಸಿದ ಹಾಗೆ ತಿರುಗಿಸುತ್ತಿದ್ದರು. ಅದೇ ವರ್ಷ ಬಂದ ಸೆಗಾದ ‘ಔಟ್ ರನ್’ ಬೇರೆ ಜಾತಿ. ಎರಡೂ ಕಡೆ ಒಂದಷ್ಟು ತಿರುಗಿ ಟಕ್ ಎಂದು ನಿಲ್ಲುತ್ತದೆ, ಕೈಬಿಟ್ಟರೆ ಮಧ್ಯಕ್ಕೆ ಬರುತ್ತದೆ. ಒಳಗಿರುವುದು ರೇಡಿಯೊದ ವಾಲ್ಯೂಮ್ ತಿರುಗಣಿಯಂಥ ಪೊಟೆನ್ಶಿಯೋಮೀಟರ್. ಒಂದು ಜಾತಿ ‘ಎಷ್ಟು ತಿರುಗಿತು’ ಎಂದು ಹೇಳುತ್ತದೆ, ಇನ್ನೊಂದು ‘ಈಗ ಎಲ್ಲಿದೆ’ ಎಂದು ಹೇಳುತ್ತದೆ. ಸಾಫ್ಟ್‌ವೇರಿನಲ್ಲಿ ಒಂದನ್ನು ಇನ್ನೊಂದು ಎಂದು ನಂಬಿಸಬಹುದು. ಆದರೆ ಕೈಗೆ ಸುಳ್ಳು ಹೇಳಲಾಗದು. ತಡೆ ಇರುವ ಸ್ಟೀರಿಂಗ್ ಹಿಡಿದು ‘ಸೂಪರ್ ಸ್ಪ್ರಿಂಟ್’ ಆಡಿ ನೋಡಿ, ಎರಡೇ ತಿರುವಿಗೆ ಬೇಜಾರಾಗುತ್ತದೆ.

ಇದರ ಜೊತೆ ಪರದೆಯ ಗಲಾಟೆ. ಸೆಗಾದ ‘ಟರ್ಬೊ’ (1981), ಬ್ಯಾಲಿ ಮಿಡ್‌ವೇಯ ‘ಸ್ಪೈ ಹಂಟರ್’ (1983) ಉದ್ದ ಪರದೆಯವು. ‘ಪೋಲ್ ಪೊಸಿಷನ್’, ‘ಔಟ್ ರನ್’ ಅಡ್ಡ ಪರದೆಯವು. ಗೇರುಗಳೂ ಅಷ್ಟೇ. ಕೆಲವಕ್ಕೆ ಹೈ, ಲೋ ಎಂದು ಎರಡೇ. 1989ರ ‘ಹಾರ್ಡ್ ಡ್ರೈವಿನ್’ಗೆ ನಾಲ್ಕು ಗೇರು, ನ್ಯೂಟ್ರಲ್, ಕ್ಲಚ್, ಜೊತೆಗೆ ಗಾಡಿ ಸ್ಟಾರ್ಟ್ ಮಾಡುವ ಕೀ! ರಸ್ತೆಯ ಹಾಗೆ ಸ್ಟೀರಿಂಗ್ ಕೈಯನ್ನು ತಿರುಗಿ ಎಳೆಯುತ್ತಿತ್ತು, ಸೀಟನ್ನು ಹಿಂದೆ ಮುಂದೆ ಸರಿಸಿಕೊಳ್ಳಬಹುದಿತ್ತು.

ಮೋಟಾರು ಈ ಕಥೆಗೆ ಹವ್ಯಾಸಿಗಳು ತಂದು ಸೇರಿಸಿದ್ದಲ್ಲ. ಸೆಗಾದ ಯು ಸುಜುಕಿ 1985ರಲ್ಲಿ ‘ಹ್ಯಾಂಗ್ ಆನ್’ ಮಾಡಿದಾಗ ಆಡುವವರು ಬೈಕಿನ ಮೇಲೆ ಕೂತು ಮೈ ವಾಲಿಸಬೇಕಿತ್ತು. ಮರುವರ್ಷದ ‘ಔಟ್ ರನ್’ನ ದೊಡ್ಡ ಪೆಟ್ಟಿಗೆಯಲ್ಲಿ ಯಂತ್ರವೇ ಆಡುವವರನ್ನು ಎಡಕ್ಕೆ ಬಲಕ್ಕೆ ವಾಲಿಸಿತು. 1990ರ ‘ಆರ್360’ಯಂತೂ ಕೂತವರನ್ನು ತಲೆಕೆಳಗು ಮಾಡುತ್ತಿತ್ತು. ಅದು ಕಾರಲ್ಲ, ವಿಮಾನದ ಆಟ, ಬಿಡಿ. 1993ರಲ್ಲಿ ನಾಮ್ಕೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ರಿಡ್ಜ್ ರೇಸರ್’ಗೆ ನಿಜವಾದ ಮಜ್ದಾ ಕಾರನ್ನೇ ದೊಡ್ಡ ಪರದೆಗಳ ಮುಂದೆ ನಿಲ್ಲಿಸಿತು. ಮನೆಗೆ ತರುವ ಮಾತೇ ಇಲ್ಲ.

ಆಮೇಲೆ 1997ರ ಫೆಬ್ರವರಿಯಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ‘ಮೇಮ್’ ಎಂಬ ಸಾಫ್ಟ್‌ವೇರ್ ಬಿಡುಗಡೆ ಮಾಡಿದರು. ಹಳೆಯ ಆರ್ಕೇಡ್ ಯಂತ್ರದಂತೆ ಮನೆಯ ಕಂಪ್ಯೂಟರ್ ನಟಿಸಲು ಶುರುಮಾಡಿತು. ಕೆಲವೇ ವರ್ಷಗಳಲ್ಲಿ ನೂರಾರು ಕೇಜಿ ತೂಗುತ್ತಿದ್ದ ಪೆಟ್ಟಿಗೆಗಳು ಸಣ್ಣ ಫೈಲುಗಳಾದವು. ಆದರೆ ಫೈಲಾದದ್ದು ಒಳಗಿನ ಬುದ್ಧಿ ಮಾತ್ರ. ಸ್ಟೀರಿಂಗ್, ಪೆಡಲ್, ಸೀಟು ಅಲ್ಲೇ ಉಳಿದವು. ಅಲ್ಲಿಂದ ಇಲ್ಲಿಯವರೆಗೆ ಹವ್ಯಾಸಿಗಳು ಗುದ್ದಾಡುತ್ತಿರುವುದು ಇದರ ಜೊತೆಗೇ.

ಮೊದಲು ಪರದೆಯನ್ನು ಕೈಯಿಂದಲೇ ತಿರುಗಿಸುತ್ತಿದ್ದರು. ಹಳೆಯ ಪಿಕ್ಚರ್ ಟ್ಯೂಬಿಗೆ ಅದು ಒಗ್ಗದು. ಮೊದಲನೆಯದಾಗಿ ವಿಪರೀತ ಭಾರ. ಎರಡನೆಯದು ವಿಚಿತ್ರ: ತಿರುಗಿಸಿದರೆ ಭೂಮಿಯ ಕಾಂತಕ್ಷೇತ್ರಕ್ಕೆ ಸಿಕ್ಕು ಬಣ್ಣ ಕಲೆಕಲೆಯಾಗುತ್ತಿತ್ತು. ಪ್ರತಿ ಸಲ ಡಿಗಾಸ್ ಮಾಡಬೇಕು, ಅಂದರೆ ಟ್ಯೂಬಿಗೆ ಹತ್ತಿದ ಕಾಂತತೆ ಬಿಡಿಸಬೇಕು. ಎಲ್‌ಸಿಡಿ ಬಂದ ಮೇಲೆ ಎರಡೂ ತಾಪತ್ರಯ ಹೋದವು. ಆದರೆ ಅಗ್ಗದ ಎಲ್‌ಸಿಡಿಯನ್ನು ಉದ್ದಕ್ಕೆ ನಿಲ್ಲಿಸಿದರೆ ಒಂದು ಪಕ್ಕದಿಂದ ಬಣ್ಣ ಮಂಕಾಗುತ್ತದೆ. ಆದ್ದರಿಂದ ಯಾವ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಜಾತಿಯ ಪರದೆಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು.

ಸ್ಟೀರಿಂಗ್‌ಗೆ ಸಿಕ್ಕ ಉಪಾಯ ತ್ರಿಕೋನದ ಉರುಳೆ. ಮೂರು ಮುಖಕ್ಕೆ ಮೂರು ಹಲಗೆ: ಒಂದರಲ್ಲಿ ಸುತ್ತುತ್ತಲೇ ಇರುವ ಸ್ಟೀರಿಂಗ್, ಒಂದರಲ್ಲಿ ತಡೆ ಇರುವುದು, ಇನ್ನೊಂದರಲ್ಲಿ ‘ಸ್ಪೈ ಹಂಟರ್’ನ ಹಿಡಿ. ತಿರುಗಿಸಲು ಕಾರಿನ ವೈಪರ್ ಮೋಟಾರು. 12 ವೋಲ್ಟ್, ನಿಧಾನ, ಬಲ ಜಾಸ್ತಿ, ಬೆಲೆ ಕಡಿಮೆ. ಅದರೊಳಗೆ ವರ್ಮ್ ಗೇರ್ ಇರುವುದರಿಂದ ಮೋಟಾರು ಉರುಳೆಯನ್ನು ತಿರುಗಿಸಬಲ್ಲದು, ಉರುಳೆ ಮೋಟಾರನ್ನು ತಿರುಗಿಸುವುದು ಕಷ್ಟ. ಹಾಗಂತ ಅದೊಂದನ್ನೇ ನಂಬಬಾರದು. ‘ಡೇಟೋನಾ’ ಆಡುವಾಗ ಹುಡುಗರು ಸ್ಟೀರಿಂಗ್‌ಗೆ ಜೋತುಬೀಳುತ್ತಾರೆ. ಹಲಗೆ ಜಾಗಕ್ಕೆ ಬಂದ ಮೇಲೆ ಒಂದು ಕಬ್ಬಿಣದ ಪಿನ್ ಒಳಗೆ ಹೋಗಿ ಕೂರಬೇಕು. ಸೀಟಿಗೆ ಗುಜರಿಯಲ್ಲಿ ಸಿಗುವ ಪವರ್ ಸೀಟಿನ (ಮೋಟಾರಿನಿಂದ ಸರಿಯುವ ಕಾರ್ ಸೀಟಿನ) ಹಳಿ ಸಾಕು. ಬೆಂಗಳೂರಿನವರಿಗೆ ಒಂದು ಅನುಕೂಲ: ಮೋಟಾರಿಗೆ ಜೆ.ಸಿ. ರಸ್ತೆ, ಸ್ವಿಚ್ಚು, ಬೋರ್ಡಿಗೆ ಎಸ್.ಪಿ. ರಸ್ತೆ, ಎರಡೂ ಹತ್ತಿರ ಹತ್ತಿರವೇ.

ಕೆಲಸ ಕೆಡುವುದು ಹೆಚ್ಚಾಗಿ ವೈರಿನಲ್ಲಿ. ಉರುಳೆ ಒಂದೇ ದಿಕ್ಕಿಗೆ ತಿರುಗುತ್ತಾ ಹೋದರೆ ಒಳಗಿನ ವೈರು ಜಡೆಯಾಗಿ ಒಂದು ದಿನ ಕಿತ್ತು ಬರುತ್ತದೆ. ಅದಕ್ಕೇ ಒಂದು ಸುತ್ತು ಪೂರ್ತಿಯಾಗುವ ಮೊದಲೇ ನಿಲ್ಲಿಸಿ ಬಂದ ದಾರಿಯಲ್ಲೇ ವಾಪಸ್ ತಿರುಗಿಸಬೇಕು. ಎರಡೂ ತುದಿಗೆ ಲಿಮಿಟ್ ಸ್ವಿಚ್ಚು, ಅಂದರೆ ಉರುಳೆ ತುದಿ ಮುಟ್ಟಿತೆಂದು ತಿಳಿಸುವ ಸ್ವಿಚ್ಚು, ಬೇಕು. ಇದನ್ನೆಲ್ಲ ನೋಡಿಕೊಳ್ಳುವುದು ಒಂದು ಆರ್ಡುಯಿನೊ ಬೋರ್ಡು, ಅಂದರೆ ನಾವು ಬರೆದ ಪ್ರೋಗ್ರಾಮ್ ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು. ಯಾವ ಆಟ ಆರಿಸಿದಿರಿ ಎಂದು ಕಂಪ್ಯೂಟರ್ ಅದಕ್ಕೆ ಹೇಳುತ್ತದೆ, ಅದು ಮೋಟಾರಿಗೆ ಹೇಳುತ್ತದೆ. ಕರೆಂಟು ಹೋಗಿ ಬಂದರೆ ತಾನು ಎಲ್ಲಿ ನಿಂತಿದ್ದೆ ಎಂದು ಅದಕ್ಕೆ ಗೊತ್ತಿರುವುದಿಲ್ಲ. ಆದ್ದರಿಂದ ಪ್ರತಿ ಸಲ ಆನ್ ಆದಾಗ ಮೆಲ್ಲಗೆ ಒಂದು ತುದಿಯ ಸ್ವಿಚ್ಚು ಮುಟ್ಟಿ, ಅಲ್ಲಿಂದ ಎಣಿಕೆ ಶುರುಮಾಡುವ ಹಾಗೆ ಬರೆಯಬೇಕು.

ಮೋಟಾರಿಗೆ ಹಲಗೆ ಯಾವುದು, ಮಗುವಿನ ಬೆರಳು ಯಾವುದು ಎಂದೂ ಗೊತ್ತಾಗುವುದಿಲ್ಲ. ಎಲ್ಲಾದರೂ ಸಿಕ್ಕಿಕೊಂಡರೆ ಮೋಟಾರು ಎಳೆಯುವ ಕರೆಂಟು ಏರುತ್ತದೆ. ಅದನ್ನು ಅಳೆದು ತಕ್ಷಣ ನಿಲ್ಲುವ ಏರ್ಪಾಡು ಇರಲೇಬೇಕು. ಅದರ ಮೇಲೊಂದು ದಪ್ಪ ಕೆಂಪು ಬಟನ್, ಒತ್ತಿದರೆ ಮೋಟಾರಿನ ಲೈನೇ ಕಟ್ ಆಗುವಂಥದ್ದು. ಅಂದಕ್ಕೆಂದು ಅದನ್ನು ಪೆಟ್ಟಿಗೆಯ ಹಿಂದೆ ಬಚ್ಚಿಡಬೇಡಿ. ಸೀಟಿನಲ್ಲಿ ಕೂತವರ ಕೈಗೂ ಸಿಗಬೇಕು, ಪಕ್ಕದಲ್ಲಿ ನಿಂತು ನೋಡುವವರ ಕೈಗೂ ಸಿಗಬೇಕು.