ನನ್ನ ಕುಂಡಲಿಯಲ್ಲಿ ನೀರಿಲ್ಲ, ಏನು ಮಾಡಲಿ?

ಸಿಂಗಪುರದಲ್ಲಿ ನನ್ನ ಬಳಿ ಬಾಝಿ ಕುಂಡಲಿ, ಅಂದರೆ ಹುಟ್ಟಿದ ದಿನ, ಹೊತ್ತಿನಿಂದ ಬರೆಯುವ ಚೀನೀ ಜಾತಕ, ನೋಡಿಸಲು ಬರುವವರು ಮೊಬೈಲ್‌ನಲ್ಲಿ ಲೆಕ್ಕ ಹಾಕಿಕೊಂಡೇ ಬರುತ್ತಾರೆ. "ಎಂಟು ಅಕ್ಷರಗಳಲ್ಲಿ ಒಂದೂ ನೀರಿನದಲ್ಲ. ಹೆಸರು ಬದಲಿಸಲೇ? ಮೀನಿನ ತೊಟ್ಟಿ ತರಲೇ?" ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಅಂಶ ಕಡಿಮೆ ಎಂದು ಬಂದವರ ಆತಂಕವೇ ಅದು.

ಹಾಗೆ ಎಣಿಸುವುದೇ ಸರಿಯಲ್ಲ. ವರ್ಷ, ತಿಂಗಳು, ದಿನ, ಹೊತ್ತು ಎಂಬ ನಾಲ್ಕು ಕಂಬಗಳಲ್ಲಿ ಮೇಲೊಂದು, ಕೆಳಗೊಂದು ಅಕ್ಷರ. ಪ್ರತಿ ಅಕ್ಷರವೂ ಮರ, ಬೆಂಕಿ, ಮಣ್ಣು, ಲೋಹ, ನೀರು ಎಂಬ ಐದು ಧಾತುಗಳಲ್ಲಿ ಒಂದಕ್ಕೆ ಸೇರಿದ್ದು. ಆದರೆ ಕೆಳಗಿನ ಅಕ್ಷರಗಳು ತಮ್ಮೊಳಗೆ ಬೇರೆ ಧಾತುಗಳನ್ನೂ ಅಡಗಿಸಿಕೊಂಡಿರುತ್ತವೆ. 1988 ಡ್ರ್ಯಾಗನ್ ವರ್ಷ, ಅಂದರೆ ವರ್ಷದ ಕಂಬದ ಕೆಳಗಿನ ಅಕ್ಷರ ಡ್ರ್ಯಾಗನ್. ಡ್ರ್ಯಾಗನ್ ಮೇಲ್ನೋಟಕ್ಕೆ ಮಣ್ಣು. ಒಳಗೆ ಮರವೂ ಇದೆ, ನೀರೂ ಇದೆ. ಆ ವರ್ಷ ಹುಟ್ಟಿ "ನೀರಿಲ್ಲ" ಎಂದು ಕೊರಗುವವರಿಗೆ ಇದನ್ನು ಹೇಳಿ ಹೇಳಿ ನನಗೆ ಸಾಕಾಗಿದೆ. (ಬಾಝಿಯ ವರ್ಷ ಫೆಬ್ರವರಿ 4ರ ಸುಮಾರಿಗೆ ತೊಡಗುತ್ತದೆ. ಜನವರಿಯಲ್ಲಿ ಹುಟ್ಟಿದವರು ಹಿಂದಿನ ಮೊಲದ ವರ್ಷಕ್ಕೆ ಸೇರುತ್ತಾರೆ.)

ನಿಜಕ್ಕೂ ನೀರಿಲ್ಲವೆಂದೇ ಇಟ್ಟುಕೊಳ್ಳೋಣ. ಅದು ಎಲ್ಲರಿಗೂ ಒಂದೇ ಕೊರತೆಯಲ್ಲ. ಸೋಂಗ್ ರಾಜವಂಶದ ಕಾಲದ ಷೂ ಝಿಪಿಂಗ್ ಹೆಸರಿನಲ್ಲಿ ಬಂದಿರುವ ಪದ್ಧತಿಯಲ್ಲಿ, ಹುಟ್ಟಿದ ದಿನದ ಮೇಲಿನ ಅಕ್ಷರವೇ ನೀವು. ಉಳಿದದ್ದನ್ನೆಲ್ಲ ಅದರ ಎದುರಿಟ್ಟು ಓದಬೇಕು. ನೀವು ಮರವಾದರೆ ನೀರು ನಿಮ್ಮನ್ನು ಪೋಷಿಸುವುದು: ತಾಯಿ, ವಿದ್ಯೆ, ಆಸರೆ. ಬೆಂಕಿಯಾದರೆ ಅದೇ ನೀರು ನಿಮ್ಮನ್ನು ಅಂಕೆಯಲ್ಲಿಡುವ ಅಧಿಕಾರ, ಶಿಸ್ತು. ಮಣ್ಣಾದರೆ ನೀವು ದುಡಿದು ಪಡೆಯುವ ಸಂಪತ್ತು. ಲೋಹವಾದರೆ ನಿಮ್ಮಿಂದ ಹೊರಹೊಮ್ಮುವ ಮಾತು, ಕೃತಿ. ನೀರೇ ಆಗಿದ್ದರೆ ನಿಮ್ಮ ಸಮಾನರು, ಒಡಹುಟ್ಟಿದವರು. ಇಷ್ಟೆಲ್ಲಕ್ಕೂ ಒಂದೇ ಮೀನಿನ ತೊಟ್ಟಿ ಮದ್ದಾಗುವುದು ಹೇಗೆ?

ಬೆಂಕಿಯ ದಿನದಲ್ಲಿ ಹುಟ್ಟಿದ ಮಹಿಳೆಯೊಬ್ಬರಿಗೆ ನಾನು ಪರಿಹಾರ ಹೇಳಲಿಲ್ಲ. "ಯಾರ ಮಾತನ್ನು ನೀವು ಮನಸಾರೆ ಕೇಳಿದ್ದೀರಿ?" ಎಂದೆ. ಮೊದಲು ಸಿಟ್ಟಾದರು. ಆಮೇಲೆ ಮೇಲಧಿಕಾರಿಗಳೊಂದಿಗೆ ಜಗಳವಾಡಿ ಬಿಟ್ಟ ಕೆಲಸಗಳ ಕಥೆ, ಎಂದೂ ಬೇಡ ಎನ್ನದ ಅಪ್ಪನ ಕಥೆ ಒಂದೊಂದಾಗಿ ಬಂದವು. ಇದನ್ನು ಕುಂಡಲಿ ಕಂಡುಹಿಡಿಯಿತು ಎಂದು ನಾನು ಹೇಳಲಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಅದು ಕೊಟ್ಟದ್ದು ಒಂದು ಪ್ರಶ್ನೆಯನ್ನು ಮಾತ್ರ. ಮದುವೆ, ಔಷಧ, ಸಾಲದ ತೀರ್ಮಾನಗಳನ್ನು ಇದರ ಮೇಲೆ ಹೊರಿಸಬೇಡಿ.

ಬರುವ ಮುನ್ನ ಹುಟ್ಟಿದ ಹೊತ್ತನ್ನು ಖಚಿತಪಡಿಸಿಕೊಳ್ಳಿ. ಒಂದು ಹೊತ್ತು ಎಂದರೆ ಎರಡು ಗಂಟೆ. ಅಂಚಿನಲ್ಲಿ ಹುಟ್ಟಿದವರಿಗೆ ಕೆಲವೇ ನಿಮಿಷಗಳಿಂದ ಕಂಬ ಬದಲಾದೀತು. 1982ರ ಜನವರಿ 1ಕ್ಕೆ ಮೊದಲು ಇಲ್ಲಿನ ಗಡಿಯಾರ ಈಗಿನದಕ್ಕಿಂತ ಅರ್ಧ ಗಂಟೆ ಹಿಂದಿತ್ತು. ಗೊತ್ತಿಲ್ಲದಿದ್ದರೆ ಮೂರೇ ಕಂಬ ಓದೋಣ, ಊಹಿಸಿ ಬರೆಯಬೇಡಿ.